ಮೊಳೆ ಹೊಡೆದ ಕಿಟಕಿ

ಅದು ಆಗುವ ಮಾತೇ ಅಲ್ಲ ಎಂದವರು ನಮ್ಮ ಸಂಘದ ಅಧ್ಯಕ್ಷರು. ಒಂದು ಸಲ ಅಲ್ಲ, ಎರಡು ಸಲ.

ಮೊದಲ ಸಲ ಹೇಳಿದಾಗ ಅವರಿನ್ನೂ ಅಧ್ಯಕ್ಷರಾಗಿರಲಿಲ್ಲ. ಕಿರಿಮಂಜೇಶ್ವರದಲ್ಲಿ ರಸ್ತೆ ಬದಿಗೆ ದಿನಸಿ ಅಂಗಡಿ ಇಟ್ಟುಕೊಂಡಿದ್ದರು. ನಾನು ಕುಂದಾಪುರದ ಕಾಲೇಜಿಗೆ ಬಿ.ಕಾಂ.ಗೆ ಸೇರಿದ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಮೀನಿಗೆ ಹಾಕುವ ಉಪ್ಪು ತರಲು ಹೋಗಿದ್ದ ನನ್ನ ಅಬ್ಬಿಗೆ, ಅಂದರೆ ತಾಯಿಗೆ, "ಒಣ್ಮೀನ್ ಬುಟ್ಟಿ ಹೊರೂಕೆ ಡಿಗ್ರಿ ಎಂತಕೆ ಮಾರಾಯ್ತಿ? ಅದೆಲ್ಲ ಆಪ್ದಲ್ಲ ಹೋಪ್ದಲ್ಲ" ಎಂದು ನಕ್ಕರು. ಅಬ್ಬಿ ಉಪ್ಪಿನ ಚೀಲ ತಲೆಗೇರಿಸಿಕೊಂಡು ಬಂದಳು. ತೊಂಬತ್ತೇಳರಲ್ಲಿ ನಾನು ಪಾಸಾದೆ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಹೈಸ್ಕೂಲಿನ ಮೆಟ್ಟಿಲು ಹತ್ತಿದವರೇ ಇರಲಿಲ್ಲ. ಬೆಳಿಗ್ಗೆ ಎದ್ದು ಮರಳಿನ ಮೇಲೆ ಮೀನು ಹರಡಿ, ಕೈಗೆ ಲಿಂಬೆಸಿಪ್ಪೆ ತಿಕ್ಕಿ ತೊಳೆದು ಬಸ್ಸು ಹತ್ತುತ್ತಿದ್ದೆ. ಆದರೂ ಪಕ್ಕದಲ್ಲಿ ಕೂತ ಹುಡುಗಿಯರು ಮೆಲ್ಲ ಸರಿಯುತ್ತಿದ್ದರು. ಹಾಗೆ ಓದಿ ಪಡೆದ ಡಿಗ್ರಿ ಅದು. ಅದನ್ನು ನೆನೆಯುವಾಗ ಈಗಲೂ ನನ್ನ ಕುತ್ತಿಗೆ ತುಸು ನೆಟ್ಟಗಾಗುತ್ತದೆ. ಆಗಲಿ ಬಿಡಿ, ಪುಕ್ಕಟೆ ಬಂದದ್ದಲ್ಲ.

ಎರಡನೆಯ ಸಲ ಹೇಳಿದಾಗ ಅವರು ಅಧ್ಯಕ್ಷರ ಕುರ್ಚಿಯಲ್ಲಿದ್ದರು, ನಾನು ಮ್ಯಾನೇಜರ್ ಕುರ್ಚಿಯಲ್ಲಿದ್ದೆ. ಹಿತ್ತಿಲಲ್ಲಿ ಕಾಗದ ಸುಡದೆ, ಜನರೇಟರ್ ಓಡಿಸದೆ, ಪಡು ಬದಿಯ ಕಿಟಕಿ ತೆರೆದಿಟ್ಟು ನಮ್ಮ ಸಹಕಾರ ಸಂಘವನ್ನು ನಡೆಸಬಹುದು ಎಂದು ನಾನು ಹೇಳಿದ್ದೆ. ಅದೇ ನಗು, ಅದೇ ಮಾತು.

ಆ ಕಿಟಕಿಯ ಕತೆ ಹೇಳಬೇಕು.

ಸಂಘದ ಕಟ್ಟಡದ ಹಿಂದೆ ಸ್ವಲ್ಪ ಮರಳು ಜಾಗ ಇದೆ. ಕಾಗದಪತ್ರದ ಪ್ರಕಾರ ಅದು ಸಂಘದ್ದೇ. ಆದರೆ ಸಂಘ ಹುಟ್ಟುವ ಎಷ್ಟೋ ಮೊದಲಿನಿಂದ ಅಲ್ಲಿ ನನ್ನ ಅಬ್ಬಿ, ಅವಳ ಅಕ್ಕ ಅಂದರೆ ನನ್ನ ದೊಡ್ಡಮ್ಮ, ಕೇರಿಯ ಇನ್ನೂ ಕೆಲವು ಹೆಂಗಸರು ಮೀನು ಒಣಗಿಸುತ್ತಿದ್ದರು. ಬೇರೆ ಎಲ್ಲಿ ಒಣಗಿಸಬೇಕು? ಕೊರೆತ ತಡೆಯಲೆಂದು ಕಡಲ ದಂಡೆಗೆ ಕಲ್ಲು ಪೇರಿಸಿ ಆಗಿತ್ತು. ಮನೆಯಂಗಳದಲ್ಲಿ ತೆಂಗಿನ ನೆರಳು. ಬಿಸಿಲು ಪೂರಾ ಬೀಳುವ, ನಾಯಿ ಬಂದರೆ ನಾಲ್ಕು ಕಣ್ಣು ನೋಡುವ ಜಾಗ ಅದೊಂದೇ. ಅಲ್ಲಿ ಒಣಗಿದ್ದನ್ನು ಅಬ್ಬಿ ಬುಟ್ಟಿಗೆ ತುಂಬಿ ಬಸ್ಸಿನಲ್ಲಿ ಹಾಲಾಡಿ ಪೇಟೆಗೆ ಒಯ್ಯುತ್ತಿದ್ದಳು. ಘಟ್ಟದ ಬುಡದ ಜನಕ್ಕೆ ಮಳೆಗಾಲದ ಊಟಕ್ಕೆ ಒಣಮೀನು ಬೇಕೇ ಬೇಕು. ನನ್ನ ಕಾಲೇಜಿನ ಬಸ್ ಪಾಸು ಬಂದದ್ದು ಆ ಬುಟ್ಟಿಯಿಂದ.

ಆ ಮರಳಿನ ಕಡೆಗೆ ಸಂಘಕ್ಕೊಂದು ದೊಡ್ಡ ಕಿಟಕಿ. ಕಡಲ ಗಾಳಿ ನೇರ ಒಳಗೆ ಬರುತ್ತಿತ್ತು. ಗಾಳಿಯ ಜೊತೆ ಮೀನಿನ ವಾಸನೆಯೂ ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ. "ಹೊರಗಿನ ಜನ ಬಂದ್ರೆ ಮೂಗ್ ಮುಚ್ತ್ರ್" ಎಂದು ಅಧ್ಯಕ್ಷರು ಕಿಟಕಿಗೆ ಮೊಳೆ ಹೊಡೆಸಿದರು. ಕಿಟಕಿ ಮುಚ್ಚಿದ ಮೇಲೆ ಹಾಡಹಗಲಿಗೂ ಟ್ಯೂಬ್‌ಲೈಟ್ ಬೇಕಾಯಿತು. ಗಾಳಿ ಇಲ್ಲವೆಂದು ಫ್ಯಾನುಗಳು ಹೆಚ್ಚಾದವು. ಕರೆಂಟು ಹೋದರೆ ಜನ ಬೆವರುತ್ತಾರೆಂದು ಡೀಸೆಲ್ ಜನರೇಟರ್ ಬಂತು. ಅದರ ಸದ್ದು ಒಳಗೆ ಕೇಳಬಾರದೆಂದು ಹಿಂದಕ್ಕೆ ಇಟ್ಟರು, ಹೊಗೆಯ ಕೊಳವೆಯನ್ನು ಮರಳಿನ ಕಡೆಗೆ ತಿರುಗಿಸಿದರು. ಹೊಗೆ ಯಾರ ಮೂಗಿಗೆ ಹೋಗುತ್ತದೆಂದು ಒಬ್ಬರೂ ಕೇಳಲಿಲ್ಲ. ಆ ಮೂಗು ಮೀನಿನವಳದ್ದು. ಅದಕ್ಕೇನು ಗೊತ್ತಾಗುತ್ತದೆ!

ಇದರ ಮೇಲೆ ಸುಡುವ ಕೆಲಸ ಬೇರೆ. ಹಿಂದೊಮ್ಮೆ ಸಂಘದ ಹಳೆಯ ಕಾಗದವನ್ನು ತೂಕಕ್ಕೆ ಮಾರಿದ್ದರಂತೆ. ಅದು ಗೂಡಂಗಡಿ ಸೇರಿ ಕಡಲೆ ಪೊಟ್ಟಣವಾಯಿತು. ಯಾರದೋ ಮನೆಯ ಸೊಸೆ ಸಾಲಕ್ಕೆ ಬಳೆ ಅಡವಿಟ್ಟ ವಿಷಯ ಬಸ್‌ಸ್ಟ್ಯಾಂಡಿನಲ್ಲಿ ಕಡಲೆ ತಿಂದವರಿಗೆಲ್ಲ ತಿಳಿಯಿತು. ಬಳೆಯ ಸುದ್ದಿ ಅತ್ತೆಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ಎದ್ದ ರಂಪ ಊರಿಗೆಲ್ಲ ಕೇಳಿತು. ಅಂದಿನಿಂದ ಸಂಘದಲ್ಲಿ ಹಳೆಯದು ಎಂದರೆ ಬೆಂಕಿ. ಕಾಗದ ಮಾತ್ರವಲ್ಲ, ಕಾರ್ಬನ್ ಹಾಳೆ, ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಕವರು, ಪ್ರಿಂಟರಿನ ರಿಬ್ಬನ್, ಎಲ್ಲ ಒಟ್ಟು ರಾಶಿ ಹಾಕಿ ಮರಳಿನ ಅಂಚಿನಲ್ಲೇ ಸುಡುವುದು.

ಜನರೇಟರ್ ನಿಂತ ಕೂಡಲೇ ಗೋಡೆಯಾಚೆ ಅಬ್ಬಿ ಕೆಮ್ಮುವುದು ನನ್ನ ಮೇಜಿಗೆ ಕೇಳುತ್ತಿತ್ತು. ಎಷ್ಟು ದಿನ ಕೇಳಿಸಿಕೊಂಡು ಕೂರುವುದು? ಆಡಳಿತ ಮಂಡಳಿಯ ಸಭೆಗೆ ಒಂದು ವಿಷಯ ಬರೆದುಕೊಟ್ಟೆ: ನಮ್ಮ ಸಂಘದಿಂದ ಪರಿಸರಕ್ಕೆ ಆಗುತ್ತಿರುವ ಹಾನಿಯನ್ನು ಕಡಿಮೆ ಮಾಡುವ ಬಗ್ಗೆ. ಇಷ್ಟುದ್ದ ಯಾಕೆ ಎಂದು ಅಧ್ಯಕ್ಷರು ಅದನ್ನು ಕತ್ತರಿಸಿ "ಪರಿಸರದ ಬಗ್ಗೆ" ಎಂದಷ್ಟೇ ಉಳಿಸಿದರು.

ನಮ್ಮ ಕಡೆ ಪರಿಸರ ಎಂದರೆ ಏನು? ಕುಂದಾಪುರ ಪರಿಸರದಲ್ಲಿ ಮಳೆ, ಬೈಂದೂರು ಪರಿಸರದವರಿಗೆ ಆದ್ಯತೆ, ದೇವಸ್ಥಾನದ ಪರಿಸರದಲ್ಲಿ ವಾಹನ ನಿಲ್ಲಿಸಬೇಡಿ. ಸುತ್ತಮುತ್ತಲ ಜಾಗ, ಅಷ್ಟೇ. ಸಭೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಒಬ್ಬ ನಿರ್ದೇಶಕರು "ಹೌದ್, ನಮ್ಮ್ ಪರಿಸರ ಗಲೀಜ್ ಆಯ್ತ್. ಕ್ಲೀನ್ ಮಾಡ್ಕ್" ಎಂದರು. ಉಳಿದವರು ತಲೆ ಆಡಿಸಿದರು. ನಾನು ಹೊಗೆ, ಡೀಸೆಲ್ ಎಂದೆಲ್ಲ ಹೇಳಲು ಹೊರಟರೆ "ಅದೇ ಹೆಣೆ, ಅದೇ ಹೇಳ್ತಿಪ್ದ್ ನಾವೂ" ಎಂದು ಮನೆ ಹುಡುಗಿಯನ್ನು ಕರೆದ ಹಾಗೆ ಹೇಳಿ ಚಹಾ ತರಿಸಿದರು. ಪ್ಲಾಸ್ಟಿಕ್ ಲೋಟದಲ್ಲಿ.

ನಿರ್ಣಯ ಪಾಸಾಯಿತು. ಮರುದಿನ ಆಳು ಬಂದು ಸಂಘದ ಸುತ್ತ ಗಿಡಗಂಟಿ ಕಡಿದು, ಅಟ್ಟದಲ್ಲಿದ್ದ ಹಳೆಯ ಕಾಗದವನ್ನೂ ಹಿಂದಿನ ಮಹಾಸಭೆಯ ಫ್ಲೆಕ್ಸ್ ಬ್ಯಾನರುಗಳನ್ನೂ ಹೊರಗೆ ಹಾಕಿ, ಇಡೀ ದಿನ ಸುಟ್ಟ. ಪರಿಸರದ ಹೆಸರಿನಲ್ಲಿ! ಅಷ್ಟು ದೊಡ್ಡ ಬೆಂಕಿ ಸಂಘದ ಹಿಂದೆ ಯಾವತ್ತೂ ಬಿದ್ದಿರಲಿಲ್ಲ. ಕರಿಬೂದಿ ಹಾರಿ ಹೋಗಿ ಒಣಹಾಕಿದ್ದ ಚಟ್ಲಿಯ ಮೇಲೆ, ಅಂದರೆ ಸಿಗಡಿಯ ಮೇಲೆ, ಕೂತಿತು. ಅಬ್ಬಿ ಅದನ್ನು ಕೇರಿ, ಗಾಳಿಗೆ ತೂರಿ, ಹಾಲಾಡಿಗೆ ಒಯ್ದಳು. ಸಂಜೆ ಹೊರೆ ಹಾಗೆಯೇ ವಾಪಸು ಬಂತು. ಖಾಯಂ ಗಿರಾಕಿಗಳೇ ಮೂಸಿ ನೋಡಿ "ಇದೆಂತ, ಟಯರ್ ವಾಸ್ನಿ ಬತ್ತ್?" ಎಂದು ಬುಟ್ಟಿಗೆ ಹಿಂದೆ ಹಾಕಿದರಂತೆ.

ಅಬ್ಬಿ ಬುಟ್ಟಿಯನ್ನು ನನ್ನ ಎದುರಿಗೆ ಇಟ್ಟಳು.

"ಕಾಣ್. ನಿನ್ ಪರಿಸರ ಬಂದ್ ನನ್ ಚಟ್ಲಿ ಮೇಲೆ ಕೂತಿತ್ತ್. ಇದನ್ನೇ ಓದುಕೆ ನೀನ್ ಕುಂದಾಪ್ರಕ್ಕೆ ಹೋದ್ದಾ?"

ನನಗೆ ಅಳು ಬರಲಿಲ್ಲ. ಮೈ ಉರಿದು ಹೋಯಿತು.

ಅಷ್ಟರಲ್ಲೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಗಿಡಗಂಟಿ ಹೋದ ಮೇಲೆ ಮೀನು ಇನ್ನೂ ಚೆನ್ನಾಗಿ ಕಾಣತೊಡಗಿತು. ಮುಂದಿನ ಸಭೆಯಲ್ಲಿ ಅಧ್ಯಕ್ಷರು ಪರಿಸರದ ವಿಷಯವನ್ನು ತಾವೇ ಎತ್ತಿದರು. ಎಲ್ಲ ಕ್ಲೀನ್ ಆಯಿತು, ಇನ್ನು ಉಳಿದ ಗಲೀಜು ಮೀನು ಒಂದೇ. ಅದನ್ನೂ ತೆಗೆಸಿ, ಆ ಜಾಗಕ್ಕೆ ಕಾಂಕ್ರೀಟ್ ಹಾಕಿ, ಕಛೇರಿಗೆ ಎ.ಸಿ. ಕೂರಿಸಿ, ಅದನ್ನು ಎಳೆಯುವಷ್ಟು ದೊಡ್ಡ ಜನರೇಟರ್ ತರುವುದು. ಮಹಾಸಭೆಯ ಒಪ್ಪಿಗೆ ಸಿಕ್ಕಿದರೆ ಆಯಿತು. ಮಹಾಸಭೆಯಲ್ಲಿ ವಿಷಯಗಳನ್ನು ಓದುವುದು ಮ್ಯಾನೇಜರ್ ಕೆಲಸ. ನನ್ನ ತಾಯಿಯನ್ನು ಅವಳ ಮರಳಿನಿಂದ ಎಬ್ಬಿಸುವ ನಿರ್ಣಯವನ್ನು ಮೈಕಿನ ಮುಂದೆ ನಿಂತು ನಾನೇ ಓದಬೇಕಿತ್ತು.

ಓದಿದೆ. "ಸಂಘದ ಪರಿಸರವನ್ನು ಶುಚಿಯಾಗಿ ಇಡುವ ಉದ್ದೇಶದಿಂದ" ಎಂದು ಶುರುವಾಗಿ "ಹಿಂಭಾಗದಲ್ಲಿ ಮೀನು ಒಣಗಿಸುವುದನ್ನು ನಿಲ್ಲಿಸತಕ್ಕದ್ದು" ಎಂಬಲ್ಲಿಗೆ ಮುಗಿಯಿತು. ಮೀನಿನ ಹೆಂಗಸರೂ ಸಂಘದ ಸದಸ್ಯರೇ, ಹಿಂದಿನ ಸಾಲಿನಲ್ಲಿ ಕೂತಿದ್ದರು. ದೊಡ್ಡಮ್ಮ ಎದ್ದು ನಿಂತಳು.

"ಹ್ವಾಯ್ ಅಧ್ಯಕ್ಷ್ರೇ, ಒಂದ್ ಕೇಂಬುದಿತ್ತ್. ಈ ಪರಿಸರ ಅಂದ್ರ್ ಎಂತ?"

ಅಧ್ಯಕ್ಷರು ನಕ್ಕರು. "ಪರಿಸರ ಅಂದ್ರೆ ಸುತ್ತಮುತ್ತ ಮಾರಾಯ್ತಿ. ನಮ್ಮ್ ಆಚೆ ಈಚೆ ಇಪ್ದೆಲ್ಲ."

"ಹಾಂಗಾರೆ ನಾವ್ ಅದ್ರೊಳ್ಗೆ ಇದ್ದ್ವಾ ಇಲ್ಯಾ?"

ಸಭೆ ಗೊಳ್ಳೆಂದು ನಕ್ಕಿತು. ಮುಂದಿನ ಸಾಲಿನಿಂದ ಯಾರೋ "ಇದ್ರಿ ಮಾರಾಯ್ತಿ, ಆರೆ ವಾಸ್ನಿ ಬತ್ತ್ ಅಲ್ದಾ!" ಎಂದರು.

"ಬತ್ತ್," ಎಂದಳು ದೊಡ್ಡಮ್ಮ. "ನಿನ್ ಉಂಬು ಬಟ್ಲಗೂ ಬತ್ತ್. ಆಗ್ಳ್ ಮೂಗ್ ಮುಚ್ಕಂಡ್ ಉಂತ್ಯಾ?"

ಆ ನಗು ನಿಲ್ಲುವ ಮೊದಲು ನಾನು ಕೈಯಲ್ಲಿದ್ದ ಹಾಳೆ ಕೆಳಗಿಟ್ಟೆ. ಮ್ಯಾನೇಜರಾಗಿ ಓದಿ ಆಯಿತು, ಇನ್ನು ಸದಸ್ಯೆಯಾಗಿ ಮಾತಾಡುತ್ತೇನೆ ಎಂದೆ. ಒಂದು ಕಿಟಕಿ ಮುಚ್ಚಿದ್ದಕ್ಕೆ ಏನೇನು ಬಂತು ಎಂದು ಹೇಳಿದೆ. ಟ್ಯೂಬ್‌ಲೈಟಿನಿಂದ ಹಿಡಿದು ಹಾಲಾಡಿಯಿಂದ ವಾಪಸು ಬಂದ ಬುಟ್ಟಿಯವರೆಗೆ. ಮೀನಿನ ವಾಸನೆ ಗಲೀಜು, ಡೀಸೆಲ್ ಹೊಗೆ ಮರ್ಯಾದೆ, ಇದು ಯಾವ ಊರಿನ ನ್ಯಾಯ ಎಂದು ಕೇಳಿದೆ. ದನಿ ಜೋರಾಯಿತು. ಮ್ಯಾನೇಜರಮ್ಮನಿಗೆ ಸಿಟ್ಟು ಬಂದಿದೆ ಎಂದು ಎದುರಿನವರು ಪಿಸುಗುಟ್ಟಿದ್ದು ಕೇಳಿಸಿತು. ಬಂದಿತ್ತು. ಯಾಕೆ ಬರಬಾರದು? ಮೊಳೆ ಕಿತ್ತು, ಜನರೇಟರ್ ಇಲ್ಲದೆ, ಬೆಂಕಿ ಹಾಕದೆ ನಡೆಸಿ ತೋರಿಸುತ್ತೇನೆ ಎಂದೆ.

ಅಧ್ಯಕ್ಷರು ನಗುತ್ತ ಮೈಕನ್ನು ತಮ್ಮ ಕಡೆ ಎಳೆದುಕೊಂಡರು. "ಸೊಸೈಟಿ ಅಂದ್ರೆ ಚಟ್ಲಿ ವ್ಯಾಪಾರ ಅಲ್ಲ ಹೆಣೆ. ಆಪ್ದಲ್ಲ ಹೋಪ್ದಲ್ಲ. ಆಯ್ತ್, ಬಪ್ಪು ಮಹಾಸಭೆ ತನ್ಕ ನಡ್ಸ್. ಸದಸ್ಯರ ದೂರ್ ಬಂದ್ರೆ ಎ.ಸಿ.ಯೂ ಬತ್ತ್, ಮೀನೂ ಹೋತ್ತ್. ಒಪ್ಪಿಗ್ಯಾ?"

ನಾನು ಅಬ್ಬಿಯ ಕಡೆ ನೋಡಿದೆ. ಹೋದರೆ ಹೋಗುವುದು ಅವಳ ಜಾಗ, ನನ್ನ ಕುರ್ಚಿ ಅಲ್ಲ. ಅಬ್ಬಿ ಗಲ್ಲ ಎತ್ತಿ ಹೂಂ ಎಂಬಂತೆ ಸನ್ನೆ ಮಾಡಿದಳು.

ಮಳೆಗಾಲ ಕಳೆದ ಕೂಡಲೇ ಕಿಟಕಿಯ ಮೊಳೆ ಕೀಳಿಸಿದೆ. ಉಪ್ಪುಗಾಳಿಗೆ ತುಕ್ಕು ಹಿಡಿದು ಅವು ಮರದ ಚಕ್ಕೆ ಸಮೇತ ಬಂದವು. ಕಿಟಕಿ ತೆರೆದದ್ದೇ ನನ್ನ ಮೇಜಿನವರೆಗೂ ಬೆಳಕು ಬಂತು. ವಾಸನೆಯೂ ಬಂತು. ಅಧ್ಯಕ್ಷರು ದಿನಾ ಬಂದು ಕರ್ಚೀಫು ಮೂಗಿಗೆ ಹಿಡಿದು, ಬಂದ ಗಿರಾಕಿಗಳನ್ನೆಲ್ಲ "ನಿಮ್ಗೆ ಕಷ್ಟ ಆತಿಲ್ಯಾ?" ಎಂದು ಕೇಳುತ್ತಿದ್ದರು. ದೂರು ಹುಟ್ಟಿಸಲು! ಹಗಲು ಟ್ಯೂಬ್‌ಲೈಟ್ ಹಾಕುವುದನ್ನು ನಿಲ್ಲಿಸಿದೆವು. ಕಂಪ್ಯೂಟರಿಗೆ ಮತ್ತು ಒಂದು ಫ್ಯಾನಿಗೆ ಸಾಕಾಗುವ ಇನ್ವರ್ಟರ್ ತಂದೆವು. ದಿನದ ಲೆಕ್ಕವನ್ನು ಮೂರು ಪ್ರತಿ ತೆಗೆಯುತ್ತಿದ್ದರು. ಯಾರು ಓದುತ್ತಾರೆಂದು ವಿಚಾರಿಸಿದರೆ ಒಂದನ್ನೇ ಓದುತ್ತಿದ್ದದ್ದು. ಒಂದಕ್ಕೆ ಇಳಿಸಿ, ಹಾಳೆಯ ಎರಡೂ ಬದಿ ಪ್ರಿಂಟ್ ಹಾಕಿದೆವು. ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಕವರು ಬಿಟ್ಟು ಟೈಲರ್ ಕೈಯಲ್ಲಿ ಬಟ್ಟೆಯದು ಹೊಲಿಸಿದೆ. ಮನೆ ಮನೆಗೆ ಹೋಗಿ ದಿನದ ಪಿಗ್ಮಿ ಹಣ ಸಂಗ್ರಹಿಸುವವರು ಒಂದೇ ರಸ್ತೆಯಲ್ಲಿ ಇಬ್ಬಿಬ್ಬರು ಬೈಕು ಓಡಿಸುತ್ತಿದ್ದರು, ಅವರ ದಾರಿ ಹಂಚಿಕೊಟ್ಟೆ. ಸದಸ್ಯರಿಗೆ ಪ್ರತಿ ವರ್ಷ ಕೊಡುತ್ತಿದ್ದ ಪ್ಲಾಸ್ಟಿಕ್ ಬಕೆಟ್ಟಿನ ಬದಲು ಬಟ್ಟೆ ಚೀಲ ಎಂದಾಗ ಮಾತ್ರ ನಿಜವಾದ ಗಲಾಟೆ ಎದ್ದಿತು. "ಪರಿಸರ ಇರ್ಲಿ, ಬಕೇಟ್ ಎಲ್ಲಿತ್ತ್?" ಎಂದು ಒಬ್ಬಾಕೆ ತಿಂಗಳುಗಟ್ಟಲೆ ಕೇಳಿದಳು.

ಹಳೆಯ ಕಾಗದದ್ದೇ ತಲೆಬಿಸಿ. ಸುಡುವ ಹಾಗಿಲ್ಲ, ಹಾಗೆಯೇ ಮಾರಿದರೆ ಮತ್ತೆ ಕಡಲೆ ಪೊಟ್ಟಣ. ಕಟ್ಟಡ ಕಟ್ಟುವಾಗ ಮಾಡಿದ್ದ ಸಿಮೆಂಟ್ ತೊಟ್ಟಿಯೊಂದು ಹಿತ್ತಿಲಲ್ಲಿ ಖಾಲಿ ಬಿದ್ದಿತ್ತು. ಕಾಗದವನ್ನು ಹರಿದು ಅದರಲ್ಲಿ ನೆನೆಹಾಕಿದೆ. ಅಕ್ಷರವೆಲ್ಲ ಕರಗಿ ಗಂಜಿಯಂತಾಯಿತು. ಹಿಂಡಿ, ಉಂಡೆ ಕಟ್ಟಿ, ಮರಳಿನ ಮೇಲೆ ಮೀನಿನ ಪಕ್ಕದಲ್ಲೇ ಒಣಗಲು ಇಟ್ಟೆ. ಒಂದು ಬದಿ ಬಂಗಡೆ, ಒಂದು ಬದಿ ಸಂಘದ ಲೆಕ್ಕಪತ್ರ. ಒಣಗಿದ್ದನ್ನು ತಲ್ಲೂರಿನ ಗುಜರಿಯವನು ಕಾಗದದ ಕಾರ್ಖಾನೆಗೆ ಕಳಿಸಲು ಒಯ್ದ. ಎರಡನೆಯ ಸಲ ಬಂದಾಗ ಅವನು ಮೂಗು ಉಜ್ಜಿಕೊಂಡ.

"ಹ್ವಾಯ್ ಮೇಡಂ, ನಿಮ್ ಸೊಸೈಟಿ ಕಾಗ್ದ ಎಂತ ಬಂಗ್ಡಿ ವಾಸ್ನಿ?"

ಮೀನು ಮಗುಚುತ್ತಿದ್ದ ಅಬ್ಬಿ ತಲೆ ಎತ್ತಿದಳು. "ಆಗ್ಳ್ ನನ್ ಚಟ್ಲಿಗೆ ಕಾಗ್ದದ್ ವಾಸ್ನಿ ಇತ್ತ್. ಈಗ್ಳ್ ಕಾಗ್ದಕ್ಕೆ ನನ್ ಬಂಗ್ಡಿ ವಾಸ್ನಿ. ಹೋಯ್ಲಿ, ಸಮಾ ಆಯ್ತ್."

ಬೇಸಗೆ ಬಂತು. ಕರೆಂಟು ಹೋದರೆ ಬರುವ ಹೊತ್ತು ಗೊತ್ತಿಲ್ಲ. ಒಂದು ಮಧ್ಯಾಹ್ನ ಇನ್ವರ್ಟರೂ ಕೈಕೊಟ್ಟಿತು. ಒಳಗೆ ಜನ ತುಂಬಿದ್ದರು, ಎಲ್ಲರ ಅಂಗಿ ಬೆನ್ನಿಗೆ ಅಂಟಿತ್ತು. ಅಧ್ಯಕ್ಷರು ಬಾಗಿಲಲ್ಲಿ ನಿಂತು "ಜನರೇಟರ್ ಹಾಕುಕೆ ಹೇಳ್ಲಾ ಮ್ಯಾನೇಜರಮ್ಮಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದರು. ಒಬ್ಬ ಸದಸ್ಯ ಹೌದೆಂದಿದ್ದರೆ ನನ್ನ ಕತೆ ಅಲ್ಲಿಗೆ ಮುಗಿದಿತ್ತು, ಅಬ್ಬಿಯ ಜಾಗಕ್ಕೆ ಕಾಂಕ್ರೀಟು ಬೀಳುತ್ತಿತ್ತು. ನಾನು ಕೌಂಟರಿನಲ್ಲಿ ಕೂರುವ ಹುಡುಗಿಯರಿಬ್ಬರನ್ನು ಕರೆದು ಅಲ್ಲಿನ ಮೇಜನ್ನೇ ಎತ್ತಿ ಕಿಟಕಿಯ ಬುಡಕ್ಕೆ ಇಡಿಸಿದೆ. ಕೈಬರಹದಲ್ಲೇ ರಶೀದಿ ಬರೆಯಲು ಕೂತೆ. ಅಷ್ಟರಲ್ಲಿ ಪಡುಗಾಳಿ ಎದ್ದಿತು. ಸಾಲಿನ ತುದಿಯಲ್ಲಿದ್ದ ಮುದುಕರೊಬ್ಬರು, ದೂರದ ಒಳನಾಡಿನವರು, ಅಂಗಿಯ ಗುಂಡಿ ಬಿಚ್ಚಿ ಕಿಟಕಿಗೆ ಎದೆಯೊಡ್ಡಿ ನಿಂತು "ಗಾಳಿ ಲಾಯ್ಕಿತ್ತ್ ಮಾರಾಯ್ರೆ. ಇದನ್ನ್ ಇಷ್ಟ್ ವರ್ಷ ಎಂತಕೆ ಮುಚ್ಚಿಟ್ಟದ್?" ಎಂದರು. ಅಧ್ಯಕ್ಷರನ್ನೇ ಕೇಳಿದರು. ಅಧ್ಯಕ್ಷರು ಅಂಗಡಿಗೆ ಹೊತ್ತಾಯಿತು ಎಂದು ಹೊರಟರು.

ಮುಂದಿನ ಮಹಾಸಭೆಯಲ್ಲಿ ಎ.ಸಿ.ಯ ವಿಷಯ ಬರಲಿಲ್ಲ. ಜನರೇಟರನ್ನು ಮಾರಿದರು. ಆಮೇಲಿನ ವರ್ಷಗಳಲ್ಲಿ ಕಟ್ಟಡದ ಮಾಡಿನ ಮೇಲೆ ಸೋಲಾರ್ ಬಂತು. ಮೀನನ್ನು ಮರಳಿನಿಂದ ಎತ್ತಿ ಬಲೆಯ ಚಪ್ಪರದ ಮೇಲೆ ಒಣಗಿಸಲು ಹೆಂಗಸರಿಗೆ ಸಂಘವೇ ಸಣ್ಣ ಸಾಲ ಕೊಟ್ಟಿತು. ಎತ್ತರದಲ್ಲಿ ಬೇಗ ಒಣಗಿದ್ದಕ್ಕೆ ವಾಸನೆಯೂ ಇಳಿಯಿತು. ಎಲ್ಲ ಗೆದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆಯ ಮರಳು ತೋಡಿ ಸಾಗಿಸುವ ಲಾರಿಗಳಿಗೆ ಅದೇ ಸಂಘ ಸಾಲ ಕೊಡುತ್ತಿತ್ತು, ಚಹಾ ಆರುವ ಮೊದಲು ಮಂಜೂರಾಗುತ್ತಿತ್ತು. ನಾಲ್ಕು ಟ್ಯೂಬ್‌ಲೈಟ್ ಆರಿಸಿ, ಹೊಳೆಯನ್ನೇ ಬಗೆಯಲು ದುಡ್ಡು ಕೊಟ್ಟರೆ ಏನು ಬಂತು ಎಂದು ಸಭೆಯಲ್ಲಿ ಕೇಳಿದೆ. ಮತ್ತೆ ಕೇಳಿದೆ. ಈಗಲೂ ಕೇಳುತ್ತೇನೆ. ಅಲ್ಲಿ ನನ್ನ ಮಾತು ನಡೆದಿಲ್ಲ. ಒಂದು ಸಂಘದ ಹೊಗೆ ಅದರ ಹಿತ್ತಿಲಲ್ಲಿ ಮಾತ್ರ ಏಳುವುದಿಲ್ಲ, ಅದು ಕೊಡುವ ಸಾಲದಲ್ಲೂ ಏಳುತ್ತದೆ. ಇದು ಅರ್ಥವಾಗಲು ಬಿ.ಕಾಂ. ಬೇಕಾಗಿಲ್ಲ.

ಕೆಲವು ವರ್ಷ ಕಳೆದು, ಪರಿಸರಸ್ನೇಹಿ ಸಂಘ ಎಂದು ನಮಗೊಂದು ಪ್ರಮಾಣಪತ್ರ ಬಂತು. ಬ್ರಹ್ಮಾವರದ ಸಭಾಭವನವೊಂದರಲ್ಲಿ ಸಮಾರಂಭ. ವೇದಿಕೆಯ ಹಿಂದೆ ದೊಡ್ಡದೊಂದು ಫ್ಲೆಕ್ಸ್, ಅದರಲ್ಲಿ ಹಸಿರು ಮರ. ನನಗೆ ನಗುವುದೋ ಅದನ್ನು ಹರಿದುಹಾಕುವುದೋ ತಿಳಿಯಲಿಲ್ಲ. ಅಧ್ಯಕ್ಷರು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಮೈಕ್ ಹಿಡಿದು, ಇದು ತಮ್ಮ ಬಹುದಿನದ ಕನಸು, ಕಡಲ ಗಾಳಿಯ ಬೆಲೆ ತಮಗೆ ಮೊದಲೇ ಗೊತ್ತಿತ್ತು ಎಂದರು. ಮೊಳೆ ಹೊಡೆಸಿದ ಮನುಷ್ಯ! ನಾನು ವೇದಿಕೆಯ ಬದಿಯಲ್ಲಿ ನಿಂತು ಹಲ್ಲು ಕಚ್ಚಿದೆ. ಮುಂದಿನ ಸಾಲಿನಲ್ಲಿ ಅಬ್ಬಿ ಕೂತಿದ್ದಳು. ಹಾಲಾಡಿಯಲ್ಲಿ ವ್ಯಾಪಾರ ಮುಗಿಸಿ ಸೀದಾ ಅಲ್ಲಿಂದಲೇ ಬಸ್ಸು ಹತ್ತಿ ಬಂದಿದ್ದಳು. ಖಾಲಿ ಬುಟ್ಟಿ ಕಾಲ ಬುಡದಲ್ಲಿತ್ತು. ಪಕ್ಕದ ಎರಡು ಕುರ್ಚಿ ಖಾಲಿ ಇದ್ದವು.

ಅತಿಥಿಗಳು ಪ್ರಮಾಣಪತ್ರವನ್ನು ಅಧ್ಯಕ್ಷರಿಗೆ ಕೊಟ್ಟರು. ಫೋಟೋ ಆಯಿತು. ಅವರು ಅದನ್ನು ನನ್ನ ಕಡೆಗೆ ಚಾಚಿ "ತಕೋ, ಗ್ವಾಡೆಗ್ ಹಾಕ್" ಎಂದರು. ನಾನು ತೆಗೆದುಕೊಂಡು ಮೆಟ್ಟಿಲಿಳಿದು ಬಂದು ಅಬ್ಬಿಯ ಮುಂದೆ ಹಿಡಿದೆ. ಅವಳು ಎದ್ದು ಎರಡೂ ಕೈಯನ್ನು ಸೀರೆಗೆ ಒರೆಸಿಕೊಂಡಳು. ಮೂಸಿ ನೋಡಿ, ಮತ್ತೆ ಒರೆಸಿದಳು. ಆಮೇಲೆ ಒರೆಸುವುದನ್ನು ಬಿಟ್ಟು ಅದನ್ನು ಭದ್ರವಾಗಿ ಹಿಡಿದುಕೊಂಡು, ವೇದಿಕೆಯ ಮೇಲಿದ್ದವರಿಗೆ ಕೇಳುವಷ್ಟು ಜೋರಾಗಿ ಹೇಳಿದಳು:

"ಹ್ವಾಯ್ ಅಧ್ಯಕ್ಷ್ರೇ, ಕೈಯೆಲ್ಲ ಮೀನ್ ವಾಸ್ನಿ ಇತ್ತ್. ನಾನ್ ಹಿಡ್ಕಂಡ್ರ್ ಅಡ್ಡಿಲ್ಯಾ?"